ಮಾಗಡಿ ಕೆರೆಯ ಹೆಬ್ಬಾತು ಏನು ಯೋಚಿಸುತ್ತದೆ?



ಕಳೆದ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಏಳನೆಯ ತರಗತಿ ಮಕ್ಕಳನ್ನು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಕರೆದುಕೊಂಡು ಹೋಗಿದ್ದೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಚಳಿಗಾಲ ಕಳೆಯುವ ಕೆರೆ ಅದು. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ. ಮಕ್ಕಳು ದಂಡೆಯ ಮೇಲೆ ನಿಂತು ಕೂಗಾಡುತ್ತಿದ್ದರು. ನಮ್ಮ ಕೇರಿಯ ಹುಡುಗನೊಬ್ಬ ಮಾತ್ರ ನನ್ನ ಮಗ್ಗುಲಿಗೆ ಬಂದು ಮೆಲ್ಲಗೆ ಕೇಳಿದ: "ಟೀಚರ್, ಇವುಕ್ಕ ಕೆರಿಗೆ ಇಳೀಬ್ಯಾಡ್ರಿ ಅಂತ ಯಾರೂ ಅನ್ನಂಗಿಲ್ಲೇನ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಅವ್ವ ಊರ ಬಾವಿಯ ಹತ್ತಿರ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಬಂದು ಸೇದಿ ಹಾಕಲಿ ಎಂದು ಕಾಯುತ್ತಿದ್ದದ್ದು ನೆನಪಾಯಿತು. ಎಮ್ಮೆಗಳು ನಮಗಿಂತ ಮುಂಚೆ ನೀರು ಕುಡಿದು ಹೋಗುತ್ತಿದ್ದವು.

ಪ್ರಾಣಿದಯೆಯ ಮಾತು ಬಂದರೆ ನಮ್ಮವರಿಗೆ ಸಿಟ್ಟು ಬರುವುದು ಇದಕ್ಕೇ. ಮಹಾಡದ ಚವದಾರ್ ಕೆರೆಯಲ್ಲಿ ದನಕರುಗಳಿಗೆ ತಡೆಯಿರಲಿಲ್ಲ, ನಮ್ಮವರಿಗಿತ್ತು. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಆ ನೀರು ಮುಟ್ಟಬೇಕಾಯಿತು. ನಮಗೇ ಮನಸ್ಸಿದೆ ಎಂದು ಒಪ್ಪದ ಊರಲ್ಲಿ ಹಕ್ಕಿಯ ಮನಸ್ಸನ್ನು ನಾವು ಯಾಕೆ ಊಹಿಸಬೇಕು? ಬಹಳ ವರ್ಷ ನಾನೂ ಹೀಗೇ ಕೇಳುತ್ತಿದ್ದೆ.

ಇತ್ತೀಚೆಗೆ ಓದಿದ ಒಂದು ಪುಟ್ಟ ಕಾದಂಬರಿ ಈ ಪ್ರಶ್ನೆಯನ್ನು ಸ್ವಲ್ಪ ಅಲುಗಾಡಿಸಿತು. ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ ನೆಡಿ ಒಕೊರಾಫೋರ್ ಬರೆದ 'ಬಿಂಟಿ', 2015ರದ್ದು. ವಿಜ್ಞಾನದ ಕತೆ ಎಂದರೆ ಬಿಳಿಯರು ರಾಕೆಟ್ ಹತ್ತುವುದು ಎಂದುಕೊಂಡವಳು ನಾನು. ಇಲ್ಲಿ ರಾಕೆಟ್ ಹತ್ತುವವಳು ನಮೀಬಿಯಾದ ಹಿಂಬಾ ಜನಾಂಗದ ಹುಡುಗಿ. ಮೈಗೂ ಕೂದಲಿಗೂ ಕೆಮ್ಮಣ್ಣು ಬಳಿದುಕೊಂಡೇ ದೂರದ ಗ್ರಹದ ವಿಶ್ವವಿದ್ಯಾಲಯಕ್ಕೆ ಓದಲು ಹೊರಡುತ್ತಾಳೆ. ಸಾಲಿನಲ್ಲಿ ನಿಂತಾಗ ಮೇಲಿನ ಜನದ ಹೆಂಗಸೊಬ್ಬಳು ಕೇಳದೆಯೇ ಅವಳ ಜಡೆ ಮುಟ್ಟಿ ನೋಡುತ್ತಾಳೆ. (ಇದನ್ನು ಓದುವಾಗ ನನಗೆ ಮೈಯೆಲ್ಲ ಉರಿಯಿತು.) ದಾರಿಯಲ್ಲಿ ಲೋಳೆಮೀನಿನಂಥ ಮೆಡ್ಯೂಸ್ ಎಂಬ ಜೀವಿಗಳು ಹಡಗಿಗೆ ನುಗ್ಗಿ ಹೆಚ್ಚುಕಮ್ಮಿ ಎಲ್ಲರನ್ನೂ ಕೊಲ್ಲುತ್ತವೆ. ಯಾಕೆ? ಅವುಗಳ ನಾಯಕನ ಕೊಂಡಿಯನ್ನು ಕಿತ್ತು ತಂದು ಅದೇ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಪಂಡಿತರಿಗೆ ಅದೊಂದು ಮಾದರಿ, ಅಷ್ಟೇ. ಕಳೆದುಕೊಂಡವನಿಗೂ ಒಂದು ಮನಸ್ಸಿದೆ ಎಂಬುದು ಅವರ ಲೆಕ್ಕದಲ್ಲೇ ಇಲ್ಲ. ಬಿಂಟಿ ಅವುಗಳ ಮಾತು ಕೇಳಿಸಿಕೊಂಡು ಎರಡೂ ಕಡೆಯವರನ್ನು ಮಾತಿಗೆ ಕೂರಿಸುತ್ತಾಳೆ.

ನೊಂದವರಿಗೆ ಇನ್ನೊಬ್ಬರ ನೋವು ತಾನಾಗಿಯೇ ತಿಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಅದು ಸುಳ್ಳು. ನಮ್ಮ ಮನೆಗಳಲ್ಲೇ ಹೆಣ್ಣುಮಕ್ಕಳ ಮಾತು ಎಷ್ಟು ಕೇಳುತ್ತದೆ ನೋಡಿ. ಬಿಂಟಿಗೂ ಮೊದಲು ಬರೀ ಭಯ. ಕೇಳಿಸಿಕೊಳ್ಳುವುದನ್ನು ಅವಳೂ ಕಲಿಯಬೇಕಾಯಿತು.

ನಮ್ಮಲ್ಲೂ ಪ್ರಾಣಿಗೆ ಮಾತು ಕೊಟ್ಟ ಕತೆಗಳಿಗೆ ಕೊರತೆಯಿಲ್ಲ. 'ಗೋವಿನ ಹಾಡು' ಕಲಿಸುವಾಗ ಪುಣ್ಯಕೋಟಿಗಾಗಿ ಮಕ್ಕಳು ಅಳುತ್ತಾರೆ, ನಾನೂ ಅತ್ತಿದ್ದೇನೆ. ಆದರೆ ಅಲ್ಲಿ ಹುಲಿಗೆ ಮನಸ್ಸು ಬರುವುದು ಯಾವಾಗ? ತಾನು ಹುಲಿಯಾಗಿದ್ದಕ್ಕೆ ನಾಚಿಕೊಂಡು ಸಾಯುವುದಕ್ಕೆ. ಅದರ ಹಸಿವಿನ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಲಕ್ಷ್ಮೇಶ್ವರದ ಹಳೆಯ ಹೆಸರೇ ಪುಲಿಗೆರೆ, ಆ ಕೆರೆಯ ಹುಲಿಗಾದರೂ ಇದು ಒಪ್ಪಿಗೆಯಾಗುತ್ತಿತ್ತೇ! ಮನಸ್ಸೇ ಇಲ್ಲ ಎನ್ನುವುದು ಒಂದು ಅನ್ಯಾಯ. ನಮಗೆ ಬೇಕಾದ ಮನಸ್ಸನ್ನು ಇನ್ನೊಬ್ಬರೊಳಗೆ ತುರುಕುವುದು ಇನ್ನೊಂದು. 'ಹರಿಜನ' ಎಂಬ ಹೆಸರು ಹೊತ್ತವರಿಗೆ ಈ ಎರಡನೆಯದನ್ನು ಬಿಡಿಸಿ ಹೇಳಬೇಕಿಲ್ಲ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕರುಣೆಗೂ ಮೈತ್ರಿಗೂ ಗೆರೆ ಎಳೆಯುತ್ತಾರೆ. ಕರುಣೆ ಮನುಷ್ಯರವರೆಗೆ, ಮೈತ್ರಿ ಎಲ್ಲ ಜೀವಿಗಳವರೆಗೆ. ದೇವದತ್ತ ಬಾಣ ಬಿಟ್ಟ ಹಕ್ಕಿಯ ಪ್ರಸಂಗವನ್ನೂ ಅಲ್ಲಿ ಸೇರಿಸಿದ್ದಾರೆ. ದೇವದತ್ತನ ವಾದ ನೋಡಿ: ಬೇಟೆಯ ನಿಯಮದಂತೆ ಹೊಡೆದವನದೇ ಹಕ್ಕಿ. ಬಾವಿಯ ಹತ್ತಿರವೂ ನಾವು ಇಂಥದೇ 'ನಿಯಮ' ಕೇಳಿದ್ದೆವು. ಸಿದ್ಧಾರ್ಥ ಹಕ್ಕಿಯ ಮನಸ್ಸು ತನಗೆ ಗೊತ್ತು ಎನ್ನಲಿಲ್ಲ. ಬಾಣ ಕಿತ್ತ, ನಿಯಮವನ್ನು ಒಪ್ಪಲಿಲ್ಲ.

ದನಗಳಿಗೆ ನೀರು ಕೊಟ್ಟು ನಮಗೆ ಕೊಡದವರದು ಮೈತ್ರಿ ಆಗಿರಲಿಲ್ಲ. ಅವರ ಮೇಲಿನ ಸಿಟ್ಟಿಗೆ ಮಾಗಡಿಯ ಹಕ್ಕಿಯನ್ನು ನಾನು ಯಾಕೆ ಬಿಟ್ಟುಕೊಡಲಿ?

ಮರುದಿನ ತರಗತಿಯಲ್ಲಿ 'ಹೆಬ್ಬಾತು ಬರೆದ ಪತ್ರ' ಬರೆಯಲು ಹೇಳಿದೆ. ಹೆಚ್ಚಿನವರು "ನಾನು ವಿದೇಶಿ ಅತಿಥಿ" ಎಂದೇ ಶುರುಮಾಡಿದ್ದರು, ಪೇಪರಿನವರು ಬರೆಯುವ ಹಾಗೆ. ಕೆರೆಯ ಪಕ್ಕದ ಊರಿನ ಹುಡುಗಿಯೊಬ್ಬಳು ಮಾತ್ರ, ರಾತ್ರಿ ಕಡಲೆ ಹೊಲಕ್ಕೆ ಮೇಯಲು ಹೋದಾಗ ನಾಯಿ ಬೆನ್ನಟ್ಟಿದ್ದನ್ನು ಬರೆದಿದ್ದಳು. ಅವಳ ಅಪ್ಪನದೇ ಹೊಲ ಅದು.

ಆ ಹುಡುಗ ನಾಲ್ಕೇ ಸಾಲು ಬರೆದಿದ್ದ. "ದಿನಾ ಮಂದಿ ಬಂದು ದಂಡಿ ಮ್ಯಾಲ ನಿಂತು ನಮ್ಮನ್ನ ನೋಡ್ತಾರ. ಒಬ್ರೂ ನೀರಿಗೆ ಇಳಿಯಂಗಿಲ್ಲ. ಪಾಪ, ಇವ್ರಿಗೆ ಯಾರರ ಬ್ಯಾಡ ಅಂದಾರೇನು? ನಾವೇನೂ ಅಂದಿಲ್ಲ."

ಇದು ಹೆಬ್ಬಾತಿನ ಮಾತಲ್ಲ, ಅವನದೇ ಮಾತು ಎಂದು ಕೆಂಪು ಪೆನ್ನಿನಿಂದ ಬರೆಯಹೊರಟೆ. ಆಮೇಲೆ ಪೆನ್ನು ಮುಚ್ಚಿ, ಹತ್ತಕ್ಕೆ ಹತ್ತು ಕೊಟ್ಟೆ.