ದಾಳವೂ ದಯೆಯೂ

ಕರುಣೆಯಿಂದ ಆಡಿದ ಸುಳ್ಳನ್ನು ಸುಳ್ಳೆನ್ನಬೇಕೋ ಕರುಣೆಯೆನ್ನಬೇಕೋ ಎಂಬ ಪ್ರಶ್ನೆ ಹಳೆಯದು. ಇದನ್ನು ಚರ್ಚಿಸುವವರು ಸಾಮಾನ್ಯವಾಗಿ ವೈದ್ಯನನ್ನೂ ರೋಗಿಯನ್ನೂ ಕರೆತರುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ನನಗೆ ಈ ಪ್ರಶ್ನೆ ಎದುರಾದದ್ದು ಒಂದು ಆಟದಲ್ಲಿ. ಧರ್ಮವಿಚಾರಕ್ಕೆ ಆಟದ ಮಾತು ಹಗುರವಾಯಿತೆನ್ನುವವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ನಮ್ಮ ಮಹಾಕಾವ್ಯದ ಧರ್ಮಸಂಕಟಗಳಲ್ಲಿ ಬಹು ದೊಡ್ಡದೊಂದು ಹುಟ್ಟಿದ್ದೂ ಪಗಡೆಯ ಹಾಸಿನ ಮೇಲೆಯೇ.

೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರಬಂದಿತು. ಇದರಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದಿಲ್ಲ. ನಾಲ್ಕೈದು ಜನ ಕೂಡುತ್ತಾರೆ. ಒಬ್ಬನು ಸೂತ್ರಧಾರ, ಊರು, ಕಾಡು, ಕಳ್ಳರು, ದೊರೆಗಳು ಎಲ್ಲವೂ ಅವನ ಬಾಯಿಂದ ಬರಬೇಕು. ಉಳಿದವರು ತಲೆಗೊಂದು ಪಾತ್ರ ವಹಿಸಿ ‘ನಾನು ಬಾಗಿಲು ತೆರೆಯುತ್ತೇನೆ’, ‘ನಾನು ಓಡುತ್ತೇನೆ’ ಎನ್ನುತ್ತಾರೆ. ಆಗುವುದೋ ಆಗದೋ ಎಂಬ ಸಂದೇಹ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ತಾಳಮದ್ದಳೆ ಕೇಳಿದವರಿಗೆ ಇದು ತೀರ ಅಪರಿಚಿತವೆನಿಸದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತು, ಪಾತ್ರವಾಗಿ, ಆ ಕ್ಷಣಕ್ಕೆ ಹೊಳೆದ ಮಾತನ್ನಾಡುವುದು. ಆದರೆ ಅಲ್ಲಿ ಕರ್ಣ ಸಾಯುತ್ತಾನೆಂಬುದು ಎಲ್ಲರಿಗೂ ಗೊತ್ತು. ಇಲ್ಲಿ ಯಾರು ಸಾಯುತ್ತಾರೆಂಬುದು ಸೂತ್ರಧಾರನಿಗೂ ಗೊತ್ತಿಲ್ಲ.

ಇಂಥ ಆಟಗಳಲ್ಲಿ ಎರಡು ಮನೋಧರ್ಮಗಳಿವೆ. ಒಂದರಲ್ಲಿ ಮಂತ್ರ ಹೇರಳ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಈಗಿನ ನಿಯಮದಂತೆ, ಸತ್ತು ಹತ್ತು ದಿನ ಮೀರದವನನ್ನು ಸಮರ್ಥನಾದ ಪುರೋಹಿತನೊಬ್ಬ ೫೦೦ ಚಿನ್ನದ ನಾಣ್ಯ ಬೆಲೆಯ ವಜ್ರವನ್ನು ವ್ಯಯಮಾಡಿ ಬದುಕಿಸಬಲ್ಲ. ಇನ್ನೊಂದರಲ್ಲಿ ಮಂತ್ರ ವಿರಳ, ಕೆಸರು ಹೆಚ್ಚು. ೧೯೮೬ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ‘ವಾರ್‌ಹ್ಯಾಮರ್ ಫ್ಯಾಂಟಸಿ ರೋಲ್‌ಪ್ಲೇ’ ಈ ಜಾತಿಯದು. ಅದರ ನಾಯಕರು ರಾಜಕುಮಾರರಲ್ಲ. ಇಲಿ ಹಿಡಿಯುವವನು, ದೋಣಿಯವನು, ಗೋರಿ ಅಗೆದು ಕದಿಯುವವನು. ಗಾಯ ಕೊಳೆಯುತ್ತದೆ, ಹಣ ಸಾಲುವುದಿಲ್ಲ, ಸತ್ತವನು ಸತ್ತ. ನನಗೆ ಎರಡನೆಯದೇ ಹಿತ. ಇದು ಕ್ರೌರ್ಯದ ರುಚಿಯೆಂದು ಯಾರೂ ಭಾವಿಸಬಾರದು. ಸಾವಿಗೆ ಅಂಗಡಿಯಲ್ಲಿ ಪರಿಹಾರ ಸಿಗುವ ಲೋಕದಲ್ಲಿ ಧೈರ್ಯವೆಂಬುದು ಖರ್ಚಿನ ಒಂದು ಬಾಬ್ತಾಗಿಬಿಡುತ್ತದೆ.

ಭಾನುವಾರದ ರಾತ್ರಿ ನಾನು ಈ ಆಟ ನಡೆಸುತ್ತೇನೆ. ಆಡುವವರು ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದ ನಾಲ್ವರು. ಈಗ ನಾಲ್ಕು ಊರುಗಳಲ್ಲಿದ್ದಾರೆ. ಆದ್ದರಿಂದ ಮೇಜು ಎಂಬುದಿಲ್ಲ. ಕಿವಿಯಲ್ಲಿ ದನಿ, ಕಂಪ್ಯೂಟರಿನ ತೆರೆಯ ಮೇಲೆ ನಕ್ಷೆ. ೨೦೧೨ರಲ್ಲಿ ಆರಂಭವಾದ ರೋಲ್‌ಟ್ವೆಂಟಿಯಂಥ ಏರ್ಪಾಡುಗಳಲ್ಲಿ ದಾಳವನ್ನೂ ಯಂತ್ರವೇ ಎಸೆಯುತ್ತದೆ. ಬಿದ್ದ ಸಂಖ್ಯೆ ಎಲ್ಲರಿಗೂ ಒಮ್ಮೆಲೇ ಕಾಣುತ್ತದೆ. ಮೇಜಿನ ಆಟದಲ್ಲಿ ಸಾಮಾನ್ಯವಾಗಿ ಹಾಗಲ್ಲ. ಸೂತ್ರಧಾರನ ಮುಂದೆ ಒಂದು ರಟ್ಟಿನ ಮರೆ ನಿಂತಿರುತ್ತದೆ. ಅದನ್ನಿಟ್ಟದ್ದು ಕಥೆಯ ಗುಟ್ಟು ಕಾಯಲು. ಆದರೆ ಅದರ ಹಿಂದೆ ಕರುಣೆಯೂ ಅವಿತು ಕೂರುತ್ತದೆ. ದಾಳವು ‘ಸತ್ತ’ ಎಂದಾಗ ಸೂತ್ರಧಾರ ‘ಕೂದಲೆಳೆಯಲ್ಲಿ ತಪ್ಪಿತು’ ಎಂದುಬಿಡಬಹುದು. ಆಟಗಾರ ಮಾಡಬೇಕಾದ್ದನ್ನೆಲ್ಲ ಮಾಡಿಯೂ ದಾಳದ ಹುಚ್ಚಿನಿಂದ ಸಾಯುವಂತಾದರೆ ಅದನ್ನು ಮೀರಬಹುದೆಂದು ಗೈಗ್ಯಾಕ್ಸರೇ ತಮ್ಮ ೧೯೭೯ರ ಕೈಪಿಡಿಯಲ್ಲಿ ಅನುಮತಿ ಕೊಟ್ಟಿದ್ದಾರೆ. ಯಂತ್ರದಲ್ಲಿಯೂ ಗುಟ್ಟಾಗಿ ದಾಳ ಎಸೆಯುವ ಉಪಾಯವುಂಟು. ಎಂದ ಮೇಲೆ, ಮರೆ ಕಟ್ಟುವುದೋ ಬಿಡುವುದೋ ನನ್ನ ಆಯ್ಕೆ. ನಾನು ಬಿಟ್ಟೆ. ಅದರ ಬೆಲೆ ಏನೆಂಬುದು ಕಳೆದ ಮಳೆಗಾಲದಲ್ಲಿ ತಿಳಿಯಿತು.

ಇಲಿ ಹಿಡಿಯುವವನ ಪಾತ್ರ ಒಬ್ಬ ಹುಡುಗನದು. ಆ ವರ್ಷವೇ ಅವನ ತಂದೆ ತೀರಿಕೊಂಡಿದ್ದರು. ವಾರಕ್ಕೊಮ್ಮೆ ಅವನು ಬಾಯಿತುಂಬ ನಗುತ್ತಿದ್ದದ್ದು ನಮ್ಮ ಆಟದಲ್ಲಿಯೇ ಎಂದು ಉಳಿದವರು ಹೇಳುತ್ತಿದ್ದರು. ಅಂದಿನ ಕಥೆಯಲ್ಲಿ, ಜ್ವರ ಬಂದ ಮಗುವೊಂದನ್ನು ಕಾವಲಿರುವ ಊರಿನಿಂದ ರಾತ್ರೋರಾತ್ರಿ ಸಾಗಿಸಬೇಕಾಗಿತ್ತು, ಹಿಂದೆ ಸೈನಿಕರು. ‘ನೀವು ಹೋಗಿ, ಬಾಗಿಲಲ್ಲಿ ನಾನು ನಿಲ್ಲುತ್ತೇನೆ’ ಎಂದ. ಸೈನಿಕನ ಖಡ್ಗ ತಾಗಬೇಕಾದರೆ ನೂರರಲ್ಲಿ ೪೦ ಅಥವಾ ಅದಕ್ಕಿಂತ ಕಡಮೆ ಬೀಳಬೇಕು. ಬಿದ್ದದ್ದು ೩೧. ಗಾಯದ ಲೆಕ್ಕ ಹಾಕಿದರೆ ಉಳಿಯುವಂತಿಲ್ಲ. ಈ ಆಟದಲ್ಲಿ ಪ್ರತಿ ಪಾತ್ರಕ್ಕೂ ಮೊದಲೇ ಕೆಲವು ‘ವಿಧಿಯ ಅಂಕ’ಗಳಿರುತ್ತವೆ, ಒಂದನ್ನು ತೆತ್ತರೆ ಒಂದು ಸಾವು ತಪ್ಪುತ್ತದೆ. ಅವನವು ಮುಗಿದುಹೋಗಿದ್ದವು.

ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬಳು, ‘ಸಾರ್, ಇದು ಆಟ. ಹೊರಗೆ ಸಾವು ಸಾಕಷ್ಟಿದೆ. ಇಲ್ಲಿಯೂ ಬೇಕೆ?’ ಎಂದಳು.

ಇದಕ್ಕಿಂತ ಬಲವಾದ ವಾದವನ್ನು ನಾನು ಕೇಳಿಲ್ಲ. ದಾಳಕ್ಕೆ ನ್ಯಾಯ ಗೊತ್ತಿಲ್ಲ. ಒಳ್ಳೆಯವನನ್ನು ಕೊಂದು ಹೇಡಿಯನ್ನು ಉಳಿಸುತ್ತದೆ. ಇಂಥ ಕುರುಡು ವಸ್ತುವಿಗೆ ಕಣ್ಣಿರುವ ಮನುಷ್ಯ ಏಕೆ ತಲೆಬಾಗಬೇಕು? ನಾನು ಉತ್ತರ ಹುಡುಕುತ್ತಿರುವಾಗಲೇ ಹುಡುಗ ಹೇಳಿದ: ‘ಬೇಡ ಸಾರ್. ಈಗ ಅವನನ್ನು ಉಳಿಸಿದರೆ ಬಾಗಿಲಲ್ಲಿ ನಿಂತದ್ದಕ್ಕೆ ಅರ್ಥವೇ ಇಲ್ಲ.’

ಅವನು ಒಪ್ಪಿದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಅವನು ಅತ್ತಿದ್ದರೆ? ಆಗಲೂ ಮರೆಯ ಹಿಂದಿನ ಸುಳ್ಳನ್ನು ನಾನು ಒಪ್ಪಲಾರೆ. ಕೌರವರ ಸಭೆಯಲ್ಲಿ ನಡೆದ ಅನ್ಯಾಯಗಳು ಹಲವು. ಮೊದಲನೆಯದು, ದಾಳದ ಹಿಂದೊಂದು ಕೈ ಇದ್ದದ್ದು. ಶಕುನಿಯ ಕೈ ಆಡಿದ್ದು ದ್ವೇಷದಿಂದ. ನನ್ನದು ಪ್ರೀತಿಯಿಂದ ಆಡೀತು. ಭೇದ ದೊಡ್ಡದೇ. ಆದರೆ ಎದುರು ಕುಳಿತವನ ಪಾಡು ಎರಡರಲ್ಲಿಯೂ ಒಂದೇ: ತಾನು ಆಡುತ್ತಿದ್ದೇನೆಂದು ಅವನು ನಂಬಿದ್ದಾನೆ, ಆಡುತ್ತಿರುವವನು ಬೇರೊಬ್ಬ. ಎಂದಾದರೂ ಇದು ತಿಳಿದರೆ, ಆ ಒಂದು ಉಳಿವಷ್ಟೇ ಅಲ್ಲ, ಹಿಂದೆ ಅವನು ನಿಜವಾಗಿ ಗೆದ್ದದ್ದೆಲ್ಲವೂ ಅನುಮಾನಕ್ಕೆ ಈಡಾಗುತ್ತದೆ.

ಅಧ್ಯಾಪಕರಿಗೆ ಇದು ಹೊಸದಲ್ಲ. ನಾಲ್ಕು ಅಂಕದಿಂದ ನಪಾಸಾಗುವವನಿಗೆ ನಿಯಮವೇ ಕೃಪಾಂಕ ಕೊಟ್ಟರೆ ಅದು ಎಲ್ಲರಿಗೂ ತಿಳಿದ, ಎಲ್ಲರಿಗೂ ಸಲ್ಲುವ ದಯೆ. ಮುಖ ನೋಡಿ ಗುಟ್ಟಾಗಿ ಸೇರಿಸಿದ್ದೂ ಅದೇ ನಾಲ್ಕು ಅಂಕ. ಆದರೆ ಅದನ್ನು ಕೊಟ್ಟವನ ಹೊರತು ಯಾರಿಗೂ ನಿಜ ಗೊತ್ತಿಲ್ಲ, ಪಡೆದವನಿಗೂ ಇಲ್ಲ. ಆಟದ ‘ವಿಧಿಯ ಅಂಕ’ವೂ ಒಂದು ಕೃಪಾಂಕವೇ. ದಾಳ ಎಸೆಯುವ ಮುನ್ನ ದಯೆಗೆ ಧಾರಾಳ ಅವಕಾಶವಿದೆ: ಸೈನಿಕರಿಗೆ ಅವನು ಜೀವಸಹಿತ ಬೇಕು ಎಂದು ಸೂತ್ರಧಾರ ಹೇಳಬಹುದು. ಎಸೆದ ಮೇಲೂ ಅವಕಾಶವಿದೆ: ‘ದಾಳ ಕೊಂದಿತು, ನಾವು ಐವರೂ ಕೂಡಿ ಇದನ್ನು ಒಪ್ಪುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಬಹುದು. ಆ ದಯೆಗೆ ಮುಖವಿದೆ. ಅದರ ಹೊಣೆಯನ್ನು ಎಲ್ಲರೂ ಹೊರುತ್ತಾರೆ. ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಬಚ್ಚಿಟ್ಟು, ಬೇರೊಂದನ್ನು ಓದಿಹೇಳುವುದು ಮಾತ್ರ ಸಲ್ಲದು.

ಮುಂದಿನ ಭಾನುವಾರ ಆ ಹುಡುಗ ದೋಣಿಯವನಾಗಿ ಬಂದ. ಮಗುವನ್ನು ಹೊಳೆ ದಾಟಿಸುವ ಕೆಲಸ ಅವನ ಪಾಲಿಗೇ ಬಿತ್ತು. ಬಾಗಿಲಲ್ಲಿ ಸತ್ತವನ ಕಥೆಯನ್ನು ಉಳಿದವರು ಹೇಳಿದರು. ದೋಣಿಯವನು ಮನಸ್ಸಿಟ್ಟು ಕೇಳಿದ. ಆದರೆ ಕೂಲಿಯಲ್ಲಿ ಒಂದು ಕಾಸನ್ನೂ ಬಿಡಲಿಲ್ಲ. ಎಲ್ಲರೂ ನಕ್ಕರು, ಅವನೂ ನಕ್ಕ.