ರಕ್ತಸಾಕ್ಷಿಯ ಚಿತ್ರ, ಕಾರ್ಮಿಕನ ಗಾಯ

1591ರಲ್ಲಿ ರೋಮ್ ನಗರದಲ್ಲಿ ವಿಚಿತ್ರವಾದ ಗ್ರಂಥವೊಂದು ಅಚ್ಚಾಯಿತು. ಆಂತೋನಿಯೊ ಗಲ್ಲೋನಿಯೊ ಎಂಬ ಗುರುಗಳು ಬರೆದ ಅದರ ವಸ್ತು, ರಕ್ತಸಾಕ್ಷಿಗಳನ್ನು ಹಿಂಸಿಸಲು ಬಳಸಿದ ಉಪಕರಣಗಳು. ಅದರ ಚಿತ್ರಗಳನ್ನು ಆಂತೋನಿಯೊ ಟೆಂಪೆಸ್ಟಾ ತಾಮ್ರದ ತಗಡಿನ ಮೇಲೆ ಆಮ್ಲದಿಂದ ಕೊರೆದು ಅಚ್ಚಿಗೆ ಸಿದ್ಧಗೊಳಿಸಿದ. ಗಾಲಿ, ರಾಟೆ, ದ್ರಾಕ್ಷಿ ಹಿಂಡುವಂಥ ಒತ್ತುಯಂತ್ರ, ಎಲ್ಲವೂ ಬಲು ಅಚ್ಚುಕಟ್ಟು. ಪೀಣ್ಯದ ವರ್ಕ್‌ಶಾಪಿನ ನಕ್ಷೆಗಳಲ್ಲಿ ಯಂತ್ರದ ಭಾಗಗಳಿಗೆ ಎ, ಬಿ, ಸಿ ಎಂದು ಗುರುತು ಹಾಕಿರುತ್ತಾರಲ್ಲ, ಇಲ್ಲಿ ಆ ಗುರುತು ಮನುಷ್ಯರಿಗೆ. ಒಂದು ಕಾಲಿನಿಂದ ತೂಗುಬಿದ್ದವನು 'ಎ', ಎರಡೂ ಕಾಲಿನಿಂದ ತೂಗುಬಿದ್ದವನು 'ಬಿ'.

ಪೀಣ್ಯದ ಮಾತನ್ನು ಸುಮ್ಮನೆ ತರಲಿಲ್ಲ. ಕೆಲವು ವರ್ಷಗಳ ಹಿಂದೆ, ಅಲ್ಲಿನ ಸಣ್ಣ ಕಾರ್ಖಾನೆಯೊಂದರ ಪವರ್ ಪ್ರೆಸ್ಸಿಗೆ ಬಲಗೈಯ ಎರಡು ಬೆರಳು ಕಳೆದುಕೊಂಡ ಯುವಕನನ್ನು ನೋಡಲು ಹೋಗಿದ್ದೆ. ಕಬ್ಬಿಣದ ಸರಳುಗಳ ಮೇಲೆ ಬೆಂದ ಸಂತ ಲಾರೆನ್ಸರನ್ನು ನೆನಪಿಸಿ, "ಇದನ್ನೂ ಪ್ರಭುವಿಗಾಗಿ ಸಹಿಸಿಕೋ" ಎಂದೆ. ಹರಕೆ ಹೊತ್ತು ಕಾರ್ಕಳದ ಅತ್ತೂರಿಗೆ ಹೋಗಿಬಂದ ಹುಡುಗ, ಸಂತರ ಕಥೆ ನನಗಿಂತ ಚೆನ್ನಾಗಿ ಬಲ್ಲವನು. ಮೆಲ್ಲಗೆ ಹೇಳಿದ: "ಲಾರೆನ್ಸರಿಗೆ ತಪ್ಪಿಸಿಕೊಳ್ಳೋಕೆ ದಾರಿ ಇತ್ತು ಅಣ್ಣಾ, ಅವರೇ ಬೇಡ ಅಂದರು. ನಾನು ಮಷಿನ್‌ಗೆ ಗಾರ್ಡ್ ಹಾಕಿಸಿ ಅಂತ ಮೂರು ಸಲ ಕೇಳಿದ್ದೆ."

ನನ್ನ ಬಾಯಿ ಕಟ್ಟಿತು. ಅನುಭವಿಸಿದ ಯಾತನೆಯಿಂದಲ್ಲ, ಅದರ ಕಾರಣದಿಂದ ರಕ್ತಸಾಕ್ಷಿಯನ್ನು ಗುರುತಿಸಬೇಕೆಂಬ ಸಂತ ಅಗಸ್ತೀನರ ಮಾತನ್ನು ಎಂದೋ ಓದಿದ್ದೆ. ಆ ಹಾಸಿಗೆಯ ಬಳಿ ಮರೆತಿದ್ದೆ. ಟೆಂಪೆಸ್ಟಾನ ಚಿತ್ರಗಳು ನೋಡುಗನನ್ನು ತಳ್ಳುವುದೂ ಇದೇ ಮರೆವಿಗೆ. ಹಿಂಸೆಯ ವಿಧಾನ ಕಣ್ಣಿಗೆ ಕಟ್ಟುತ್ತದೆ. ಹಿಂಸೆಗೊಳಗಾದವನು ಏನನ್ನು ಆರಿಸಿಕೊಂಡ ಎಂಬುದು ಕಾಣುವುದೇ ಇಲ್ಲ. ಭಕ್ತಿಯಿಂದ ನೋಡುವವನಿಗೂ ಈ ಅಪಾಯ ತಪ್ಪಿದ್ದಲ್ಲ.

ಜಾಕ್ ಕಲ್ಲೋ ಸುಮಾರು 1627ರಲ್ಲಿ ರಚಿಸಿದ ಪುಟ್ಟ ಮುದ್ರಣಚಿತ್ರವೊಂದಿದೆ. 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ ಶಿಲುಬೆಗೇರಿದವರಲ್ಲಿ 23 ಮಂದಿಯನ್ನು ಅದು ತೋರಿಸುತ್ತದೆ. ಅವರಲ್ಲೊಬ್ಬರು ನಮ್ಮ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ. ಯಾವ ಶಿಲುಬೆ ಅವರದೆಂದು ನನ್ನ ಕಣ್ಣಿಗೆ ತಿಳಿಯದು. ಅವರ ಬದುಕು ಮಾತ್ರ ತಿಳಿದಿದೆ: ಧರ್ಮಪ್ರಚಾರಕರು ತೊಲಗಬೇಕೆಂದು 1587ರಲ್ಲೇ ಆಜ್ಞೆಯಾಗಿದ್ದ ಜಪಾನಿಗೆ, ವ್ಯಾಪಾರ ತೊರೆದು, ಫ್ರಾನ್ಸಿಸ್ಕನ್ ಸಹೋದರರಾಗಿ 1593ರಲ್ಲಿ ಮರಳಿದರು. ಹೋಗದೆ ಇರಬಹುದಿತ್ತು, ಹೋದರು. ಬಾಡಿಗೆ ಕಟ್ಟಬೇಕಾದ ಹುಡುಗನಿಗೆ, ಗಾರ್ಡ್ ಇಲ್ಲದ ಪ್ರೆಸ್ಸಿನ ಮುಂದೆ, ಅಂಥ ಆಯ್ಕೆಯನ್ನು ಕೊಟ್ಟವರು ಯಾರು? ಅವನ ಗಾಯವನ್ನು ಶಿಲುಬೆಯೆಂದು ಕರೆದು ನಾನು ಹಗುರ ಮಾಡಿದ್ದು ಅವನ ನೋವನ್ನಲ್ಲ, ಮಾಲೀಕನ ಹೊಣೆಯನ್ನು.

ಮುಂದೆ ಅವನ ಮನೆಗೆ ಹೋದಾಗ ಸಂತರ ಕಥೆ ಒಯ್ಯಲಿಲ್ಲ. ಇಬ್ಬರೂ ಪರಿಹಾರದ ಅರ್ಜಿ ತುಂಬಲು ಕುಳಿತೆವು. ಅಪಘಾತದ ವಿವರವನ್ನು ನಾನು ಬರೆದುಕೊಟ್ಟೆ. ಹೆಸರಿನ ಜಾಗದಲ್ಲಿ ಮಾತ್ರ ಅವನು ಪೆನ್ನು ಕೇಳಿ ಪಡೆದು, ಎಡಗೈಯಲ್ಲಿ, ನಿಧಾನವಾಗಿ, ತಾನೇ ಬರೆದ.