ಐದು ಜೀವಗಳ ಆಟವೂ ಒಂದು ಗಳಿಗೆಯ ಎಚ್ಚರವೂ



ಮತ್ತಾಯನ ಸುವಾರ್ತೆಯ 26ನೆಯ ಅಧ್ಯಾಯದಲ್ಲಿ ನಮ್ಮ ಕರ್ತನು ಗೆತ್ಸೇಮನೆ ತೋಟದಲ್ಲಿ ಕಳೆದ ರಾತ್ರಿಯ ವೃತ್ತಾಂತವಿದೆ. ತನ್ನ ಸಂಗಡ ಎಚ್ಚರವಾಗಿರಬೇಕೆಂದು ಆತನು ಮೂವರು ಶಿಷ್ಯರನ್ನು ಕೇಳಿಕೊಂಡನು. ಒಂದು ಗಳಿಗೆಯಾದರೂ ಅವರಿಂದಾಗಲಿಲ್ಲ. ಆದರೆ ಈ ದಿವಸಗಳಲ್ಲಿ ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ನಮ್ಮ ಮನೆಗಳಲ್ಲಿ ನಿದ್ರೆಯು ಗೆಲ್ಲಲಾರದಂಥ ಒಂದು ಎಚ್ಚರವು ಹುಟ್ಟಿಕೊಂಡಿದೆ. ಅದು ಮೊಬೈಲಿನಲ್ಲಿ ಬಣ್ಣದ ಬಿಲ್ಲೆಗಳನ್ನು ಜೋಡಿಸುವ ಆಟದ ಎಚ್ಚರ.

ಪಕ್ಕಪಕ್ಕದ ಎರಡು ಬಿಲ್ಲೆಗಳನ್ನು ಅದಲುಬದಲು ಮಾಡಿ ಒಂದೇ ಬಣ್ಣದ ಮೂರನ್ನು ಸಾಲುಗೂಡಿಸಿದರೆ ಅವು ಮಾಯವಾಗಿ ಮೇಲಿನಿಂದ ಬೇರೆ ಬೀಳುವವು. 1984ರಲ್ಲಿ ಮಾಸ್ಕೋ ಪಟ್ಟಣದ ಅಲೆಕ್ಸೇ ಪಾಜಿಟ್ನೋವ್ ಎಂಬವನು ರಚಿಸಿದ ಟೆಟ್ರಿಸ್ ಇಂಥಾ ಆಟಗಳಿಗೆ ಹಿರಿಯಣ್ಣನಂತಿದೆ. 2012ರಲ್ಲಿ ಕ್ಯಾಂಡಿ ಕ್ರಷ್ ಸಾಗಾ ಬಂತು. ಇದರಲ್ಲಿ ಆಡುವವನಿಗೆ ಐದು ಜೀವಗಳುಂಟು. ಸೋತಾಗ ಒಂದು ಹೋಗುವದು. ಅರ್ಧ ಗಂಟೆ ಕಾದರೆ ಒಂದು ತಿರಿಗಿ ಬರುವದು. ಕಾಯಲಾರದವನು ಹಣ ಕೊಟ್ಟು ಕೊಳ್ಳಬಹುದು. ಇನ್ನೊಂದೇ ನಡೆ ಇದ್ದಿದ್ದರೆ ಗೆಲ್ಲುತ್ತಿದ್ದೆನೆಂದು ಮನಸ್ಸು ಮಿಡುಕುವ ವೇಳೆಯಲ್ಲಿಯೇ ಇನ್ನೂ ಐದು ನಡೆಗಳ ಮಾರಾಟವು ಕಣ್ಣೆದುರಿಗೆ ಬರುವದು. ಸಂತೆಯ ವ್ಯಾಪಾರಿಗೂ ಇಷ್ಟು ಜಾಣತನವಿಲ್ಲ! ಜೀವವೆಂಬ ಮಾತು ಇಷ್ಟು ಅಗ್ಗವಾದದ್ದನ್ನು ಕಂಡಾಗ, ನಮ್ಮ ಒಂದೇ ಜೀವಕ್ಕಾಗಿ ತನ್ನ ಜೀವವನ್ನು ಕೊಟ್ಟಾತನ ನೆನಪಾಗುವದು.

ಇದು ಜೂಜೋ? ಅಲ್ಲ. ಪಣವಿಲ್ಲ, ಗೆದ್ದವನಿಗೆ ಕಾಸು ಬರುವದಿಲ್ಲ; 2025ರ ಕಾನೂನಿನಿಂದ ಭಾರತ ಸರಕಾರವು ನಿಷೇಧಿಸಿದ ಹಣದಾಟಗಳಲ್ಲಿ ಇದು ಸೇರಿಲ್ಲ. ಆಟವೇ ಪಾಪವೆಂದು ಬೋಧಿಸುವದಕ್ಕೂ ನಮಗೆ ಮನಸ್ಸಿಲ್ಲ. ನಮ್ಮ ಹಿರಿಯರು ಜಗುಲಿಯ ಮೇಲೆ ಚೌಕಾಬಾರ ಆಡಲಿಲ್ಲವೇ? ಆದರೆ ಚೌಕಾಬಾರಕ್ಕೆ ಜೊತೆಗಾರರು ಬೇಕು, ಆಟ ಮುಗಿದರೆ ಎಲ್ಲರೂ ಎದ್ದು ಕೆಲಸಕ್ಕೆ ಹೋಗುವರು. ಇದನ್ನಾದರೋ ಒಬ್ಬನೇ ಆಡುವನು. ಸಾವಿರಾರು ಹಂತಗಳಿರುವದರಿಂದ ಏಳಬೇಕೆಂದು ಹೇಳುವವರಾರೂ ಇಲ್ಲ.

ಮೊಳಕಾಲ್ಮೂರಿನ ರೇಷ್ಮೆಮಗ್ಗದ ಮುಂದೆ ಕೂತವರನ್ನು ನೋಡಿರಿ. ಅವರೂ ಕಣ್ಣು ನೋಯುವ ತನಕ ಬಣ್ಣಕ್ಕೆ ಬಣ್ಣವನ್ನು ಜೋಡಿಸುವರು. ಅವರು ಕೂಡಿಸಿದ ಎಳೆಯಾದರೋ ಮಾಯವಾಗದೆ ಸೀರೆಯಲ್ಲಿ ನಿಲ್ಲುವದು.

ನಮ್ಮನ್ನು ಬಿಟ್ಟು ಇತರರನ್ನು ಮಾತ್ರ ಎಚ್ಚರಿಸುವದು ನ್ಯಾಯವಲ್ಲ. ಒಂದು ರಾತ್ರಿ ಮಗುವಿನ ಕೈಯಿಂದ ಮೊಬೈಲನ್ನು ಕಸಕೊಂಡು, ಇದೇನೆಂದು ನೋಡಲು ಕೂತೆವು. ಐದು ಜೀವಗಳೂ ಹೋದವು. ಅರ್ಧ ಗಂಟೆ ಕಾದು ಪುನಃ ಆಡಿದೆವು. ಒಳಮನೆಯಲ್ಲಿ ಕಾಯಿಲೆಯಿಂದ ಮಲಗಿದ್ದ ತಾಯಿಯವರು ನೀರಿಗಾಗಿ ಎರಡು ಸಾರಿ ಕರೆದರಂತೆ, ನಮಗೆ ಕೇಳಿಸಲಿಲ್ಲ. ಬೆಳಿಗ್ಗೆ ಅವರು ದೂರಲಿಲ್ಲ. “ನಿದ್ದೆ ಹತ್ತಿತ್ತೇನಪ್ಪಾ?” ಎಂದು ಮಾತ್ರ ಕೇಳಿದರು.

ನಿದ್ರೆ ಹತ್ತಿರಲಿಲ್ಲ. ಪೇತ್ರನಿಗಾದರೂ ಕಣ್ಣುಗಳು ಭಾರವಾಗಿದ್ದವು. ನಮಗೆ ಆ ನೆಪವೂ ಇರಲಿಲ್ಲ. ಆದಾಗ್ಯೂ ಕರ್ತನು ಮೂರನೆಯ ಸಾರಿ ಬಂದಾಗ ಆ ಶಿಷ್ಯರನ್ನು ತಳ್ಳಿಬಿಡದೆ ಎಬ್ಬಿಸಿ ತನ್ನ ಸಂಗಡ ಕರೆದನಲ್ಲಾ! ಈಗ ನಮ್ಮ ಚಾಪೆಯು ಒಳಮನೆಯಲ್ಲಿ ತಾಯಿಯವರ ಮಂಚದ ಬಳಿಯಲ್ಲಿದೆ. ಮೊಬೈಲು ರಾತ್ರಿಯೆಲ್ಲಾ ನಡುಮನೆಯ ಗೂಡಿನಲ್ಲಿರುವದು.